ಗೆಣಸಿನ ಬಳ್ಳಿಯ ಹಿಂದೆ

ಆ ವರ್ಷ ದೀಪಾವಳಿ ಮುಗಿದರೂ ಮಳೆ ಆಗಾಗ ಸುಳಿಯುತ್ತಲೇ ಇತ್ತು. ಹಿತ್ತಲಿನ ಗೆಣಸಿನ ಪಾತಿ ಸ್ವಲ್ಪ ಒಣಗಲಿ, ಆಮೇಲೆ ಅಗೆಯೋಣ ಎಂದು ನಾನು ದಿನ ದೂಡುತ್ತಿದ್ದೆ. ಅತ್ತೆಯವರಿಗೆ ಅಷ್ಟು ತಾಳ್ಮೆ ಇಲ್ಲ. ಒಂದು ಮುಂಜಾನೆ ನಾಷ್ಟಾದ ತಾಟು ತೊಳೆದಿಡುವ ಮೊದಲೇ ಖುರಪಿ ಹುಡುಕತೊಡಗಿದರು.

“ಇಲಿ ತಿಂದ ಮುಗಿಸಿದ ಮ್ಯಾಲ ಅಗೀತಿ ಏನ? ನಡಿ, ಇವತ್ತ ತಗದಬಿಡೋಣು.”

ನಮ್ಮ ಮನೆ ಮಿರಜದ ಅಂಚಿನಲ್ಲಿ, ಮಾಲಗಾಂವ ರಸ್ತೆಗೆ ಹತ್ತಿರ. ಮನೆಯವರ ಅರಿಷಿಣದ ಅಂಗಡಿ ಇರುವುದು ಸಾಂಗ್ಲಿಯ ಪೇಟೆಯಲ್ಲಿ. ಅವರು ಬೆಳಿಗ್ಗೆ ಗಾಡಿ ಹತ್ತಿ ಹೋದರೆಂದರೆ ಸಂಜೆಯವರೆಗೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಮಗಳು ಪುಣೆಗೆ ಓದಲು ಹೋಗುವಾಗ ಬಿಟ್ಟುಹೋದ ಸೈಕಲ್ ನನ್ನ ಪಾಲಿಗೆ ಬಂದಿದೆ. ಅಡುಗೆ ಮುಗಿಸಿ ಅದರ ಮೇಲೆ ಹೊಲಗಳ ನಡುವೆ ಒಂದು ಸುತ್ತು ಹಾಕಿ ಬರುವುದು ನನ್ನ ರೂಢಿ. ಗೇಟು ತೆಗೆಯುವಾಗ ಅತ್ತೆ ಒಳಗಿನಿಂದಲೇ ಕೂಗುತ್ತಾರೆ: “ಹೊಂಟ್ಲು ನೋಡ್ರಿ ನಮ್ಮ ಪೋಸ್ಟಮನ್ ಬಾಯಿ. ನನಗೂ ಒಂದ್ ಕಾಗದಾ ತಗೊಂಡ ಬಾ ಯವ್ವಾ.”

ಅಂದು ಮೊದಲು ಗೆಣಸು, ಆಮೇಲೆ ಸೈಕಲ್ ಎಂದು ಮಾತಾಯಿತು. ಬಿಸಿಲು ಬಂದಿದ್ದರೂ ಮಣ್ಣು ತಣ್ಣಗಿತ್ತು. ನಾನು ಮುಂದೆ ಬಳ್ಳಿ ಕೊಯ್ಯುತ್ತ ಹೋದೆ. ಹಿಂದೆ ಅತ್ತೆ ಕುಕ್ಕರಗಾಲಿನಲ್ಲಿ ಸರಿಯುತ್ತ ಅಗೆಯುತ್ತ ಬಂದರು. ಅವರು ಕೊರಳಲ್ಲಿ ಲಿಂಗ ಧರಿಸುತ್ತಾರೆ. ಮದುವೆಗೆ ಮೊದಲು ತವರೂರಿನ ಸ್ವಾಮಿಗಳು ಕಟ್ಟಿದ್ದು. ಬೆಳ್ಳಿಯ ಕರಡಿಗೆ ಭಾರವೆಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಶಿವದಾರದಿಂದ ಎದೆಯ ಮೇಲೆ ಇಳಿಬಿಟ್ಟಿರುತ್ತಾರೆ. ಬಗ್ಗಿ ಅಗೆಯುವಾಗ ಅದು ನೆಲಕ್ಕೆ ತಾಗಬಾರದಲ್ಲ, ಹಾಗಾಗಿ ದಾರವನ್ನು ಹಿಂದಕ್ಕೆಸೆದು, ಗಂಟನ್ನು ಬೆನ್ನ ಮೇಲೆ ಸೆರಗಿನೊಳಗೆ ಹಾಕಿಕೊಂಡರು. ಹೊಲದ ಕೆಲಸ ಮಾಡಿದ ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ ಮಾಡುತ್ತಾರೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಾನು ನೋಡಿದ್ದು ಅವರ ಕುತ್ತಿಗೆಯ ಹಿಂದೆ ಅಂಟಿಕೊಂಡಿದ್ದ ಒಂದು ಒಣ ಎಲೆಯನ್ನು. ತೆಗೆಯಬೇಕೆಂದುಕೊಂಡೆ, ಕೈತುಂಬ ಬಳ್ಳಿ ಇತ್ತು, ಬಿಟ್ಟೆ.

ಬಳ್ಳಿಯ ರಾಶಿ ಗೋಡೆಯ ಬದಿಗೆ ಬೆಳೆಯುತ್ತಿದ್ದಂತೆ ಆಚೆಯಿಂದ ಒಂದು ತಲೆ ಎದ್ದಿತು. ಕುರಿಗಾರರ ಹೆಂಗಸು. ಪ್ರತಿ ಚಳಿಗಾಲ ಗಡಿಯ ಕಡೆಯಿಂದ ಹಿಂಡು ಹೊಡೆದುಕೊಂಡು ಬರುತ್ತಾರೆ, ಬೆಳೆ ತೆಗೆದ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಅವರ ಬಾಯಲ್ಲಿ ಕನ್ನಡ ಕೇಳಿದರೆ ಅತ್ತೆಗೆ ತವರಿನವರೇ ಬಂದಷ್ಟು ಹಿಗ್ಗು.

“ಏನ್ರೀ ಯವ್ವಾರ, ಬಳ್ಳಿ ಒಗ್ಯಾವ್ರೋ, ಸಂತಿಗೆ ಒಯ್ಯಾವ್ರೋ?”

“ನಿನ್ನ ಕುರಿಗೋಳ ಸಲುವಾಗೇ ಬೆಳದೇನಿ ತಗೋ. ಗೆಣಸ ಅಷ್ಟ ನಮ್ಮ ಪಾಲಿಗೆ ಬಿಡು.”

“ಮರಿ ಹಾಕ್ಯಾವ್ರಿ, ಹಸೀದು ಬೇಕಾಗೇತಿ. ನಿಮ್ಮ ಹೊಟ್ಟಿ ತಣ್ಣಗಿರಲಿ.”

“ನನ್ನ ಹೊಟ್ಟಿ ದಿನಾ ಸೂಜಿ ಚುಚ್ಚಿಸಿಕೊಂಡು ತೂತಾಗೇತಿ. ಎಲ್ಲಿ ಇಳದೀರಿ?”

ಮಾಲಗಾಂವದ ಈಚೆ, ಸೋಯಾಬೀನ್ ತೆಗೆದ ಹೊಲದಲ್ಲಿ ಎಂದಳು. ಅತ್ತೆ ಎದ್ದು ನಿಂತು ಅಪ್ಪುಗೆ ಅಪ್ಪುಗೆ ಬಳ್ಳಿಯನ್ನು ಗೋಡೆಯ ಮೇಲಿಂದ ಕೊಟ್ಟರು. ಅವಳು ಕಂಬಳಿಯಲ್ಲಿ ಕಟ್ಟಿ, ತಲೆಯ ಮೇಲಿಟ್ಟುಕೊಂಡು, ಬೆನ್ನು ಒಂದಿಷ್ಟೂ ಬಾಗದಂತೆ ಹೊರಟುಹೋದಳು.

ಊಟಕ್ಕೆ ಕುಳಿತಾಗ ಗೊತ್ತಾಯಿತು. ಅತ್ತೆ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕುಳಿತರು. ತಾಟಿನಲ್ಲಿ ಬಿಸಿ ರೊಟ್ಟಿ, ಕುದಿಸಿದ ಹೊಸ ಗೆಣಸು. ಎಡಗೈಯಲ್ಲಿ ಲಿಂಗವನ್ನಿಟ್ಟು, ತಾಟಿನದನ್ನು ಅದಕ್ಕೆ ತೋರಿಸಿ, ಆಮೇಲೆ ತುತ್ತು. ಅದು ಅವರ ಬದುಕಿನಲ್ಲಿ ಒಂದು ದಿನವೂ ತಪ್ಪಿಲ್ಲ. ಕೈ ಎದೆಗೆ ಹೋಯಿತು. ಬೆನ್ನಿಗೆ ಹೋಯಿತು. ಸೆರಗು ಜಾಡಿಸಿದರು. ಕುಪ್ಪಸದ ಹಿಂದೆ ಶಿವದಾರದ ಒಂದು ತುಂಡು ಮಾತ್ರ ಸಿಕ್ಕಿತು, ತುದಿಯಲ್ಲಿ ಎಳೆ ಬಿಚ್ಚಿಕೊಂಡದ್ದು.

“ಇಲ್ಲ” ಎಂದರು. ಯಾರೋ ಬಾಗಿಲು ತಟ್ಟಿ ಕೇಳಿದ್ದಕ್ಕೆ ಉತ್ತರ ಕೊಟ್ಟಂತೆ.

“ಇರ್ತೈತ್ರಿ ಅತ್ತ್ಯಾರ, ಹಿತ್ತಲದಾಗ ಬಿದ್ದಿರ್ತೈತಿ. ನಾ ಹುಡಕ್ತೀನಿ, ನೀವು ಉಣ್ರಿ.”

ಅವರು ನನ್ನ ಕಡೆ ನೋಡಿದ ನೋಟ ನನಗೆ ಹೊಸದು. ಸಿಟ್ಟಿರಲಿಲ್ಲ. “ಲಿಂಗಾ ಇಲ್ದ ಹೆಂಗ ಉಣ್ಲಿ?” ಎಂದು ತಾಟನ್ನು ಒಂದು ಬೆರಳಿನಿಂದ ಸ್ವಲ್ಪ ದೂರ ಸರಿಸಿದರು.

ಎರಡೂ ಕೈಯಿಂದ ಪಾತಿಯ ಮಣ್ಣನ್ನು ಜರಡಿ ಹಿಡಿದಂತೆ ಹುಡುಕಿದೆ. ಬುಟ್ಟಿಯ ಗೆಣಸೆಲ್ಲ ಸುರಿದೆ. ಬಚ್ಚಲು, ಕಟ್ಟೆ, ತುಳಸಿಯ ಬುಡ, ಬಟ್ಟೆಯ ರಾಶಿ ಎಲ್ಲ ನೋಡಿದೆ. ಬಿಳಿಯ ಚೂರೊಂದು ಕಂಡು ಎತ್ತಿಕೊಂಡೆ, ಗೋಡೆಯ ಸುಣ್ಣದ ಚಕ್ಕೆ. ಉಳಿದಿದ್ದು ಒಂದೇ ಜಾಗ. ಬಗ್ಗಿ ಎದ್ದು ಬಳ್ಳಿ ಕೊಟ್ಟಾಗ ದಾರ ಕಡಿದು, ಗಂಟು ಭುಜದ ಮೇಲಿಂದ ಅಪ್ಪುಗೆಯೊಳಗೆ ಜಾರಿ, ಕಂಬಳಿಯ ಗಂಟಿನಲ್ಲಿ ಹೋಗಿರಬೇಕು.

ನನ್ನನ್ನು ಹೆದರಿಸಿದ್ದು ಲಿಂಗವಲ್ಲ, ಇನ್ಸುಲಿನ್. ಬೆಳಿಗ್ಗೆ ಅವರ ಹೊಟ್ಟೆಗೆ ನಾನೇ ಚುಚ್ಚಿದ ಔಷಧ ಮಧ್ಯಾಹ್ನದ ಊಟವನ್ನು ನಂಬಿಕೊಂಡು ಒಳಗೆ ಕೆಲಸ ಮಾಡುತ್ತಿರುತ್ತದೆ. ಊಟ ಬರದಿದ್ದರೆ ಅದು ಮನುಷ್ಯರನ್ನೇ ತಿನ್ನುತ್ತದೆ. ಹಿಂದೊಮ್ಮೆ ಮದುವೆಮನೆಯಲ್ಲಿ ಪಂಕ್ತಿ ತಡವಾಗಿ ಅವರು ಕಂಬಕ್ಕೊರಗಿ ಬೆವರಿ, ಯಾರ ಗುರುತೂ ಸಿಗದೆ ಕುಳಿತದ್ದನ್ನು ನಾನು ನೋಡಿದ್ದೇನೆ. ಇಂದು ಅಗೆದ ಆಯಾಸ ಬೇರೆ. ಸಕ್ಕರೆ ನೀರು ಕಲಸಿ ತಂದೆ. ತುಟಿ ಬಿಗಿದರು. ನೀರಾದರೂ ಎಂದೆ. ತಲೆಯಾಡಿಸಿದರು. ಮನೆಯವರಿಗೆ ಫೋನು ಹಚ್ಚಿದೆ.

“ಅರಿಷಿಣದ ಲಿಲಾವ ನಡದೈತಿ, ಆದ್ರೂ ಬಿಟ್ಟ ಬರ್ತೀನಿ” ಎಂದರು ಅವರು. “ದವಾಖಾನಿಗೆ ಒಯ್ಯೋಣು. ಸಲಾಯಿನ್ ಹಚ್ಚತಾರ.”

ಫೋನಿನ ಮಾತು ಅತ್ತೆಗೆ ಕೇಳಿಸಿತ್ತು. “ಬಾಯಾಗಿಂದ ಹೋದ್ರೇನು, ನರದಾಗಿಂದ ಹೋದ್ರೇನು, ಅನ್ನಾ ಅನ್ನಾನ. ಸೂಜಿ ಚುಚ್ಚಾಕ ಬಂದಾವ್ರ ಕೈ ಕಚ್ಚತೀನಿ ಅಂತ ಹೇಳು ಅವಗ.” ಅಷ್ಟು ಹೇಳಿ ನನ್ನ ಮೊಣಕೈ ಹಿಡಿದರು. “ನೀ ಹೋಗು. ಸೈಕಲ್ ತಗೊಂಡ ಹೋಗು. ಆಕಿ ಬಳ್ಳಿ ಇನ್ನಾ ಬಿಚ್ಚಿರಾಕಿಲ್ಲ. ಅದು ಬಂತಂದ್ರ ನೀ ಕೊಟ್ಟಿದ್ದೆಲ್ಲಾ ಉಣ್ತೀನಿ, ಗೆಣಸಿನ ಸಿಪ್ಪಿ ಸೈತ.”

ಪಕ್ಕದ ಮನೆಯ ಮಾವಶಿಯನ್ನು ಕರೆದೆ. ಮರಾಠಿಯವರು, ಅತ್ತೆಗಿಂತ ಸ್ವಲ್ಪ ಚಿಕ್ಕವರು. ಸಕ್ಕರೆ ಡಬ್ಬಿ, ರಕ್ತ ನೋಡುವ ಮಶಿನ್ ಎರಡನ್ನೂ ಅವರ ಮಡಿಲಿಗೆ ಹಾಕಿದೆ. ಪ್ರಜ್ಞೆ ತಪ್ಪಿದರೆ ಯಾವ ನೇಮವನ್ನೂ ನೋಡದೆ ಒಸಡಿಗೆ ಸಕ್ಕರೆ ಉಜ್ಜಿ ಎಂದು ಕಿವಿಯಲ್ಲಿ ಹೇಳಿದೆ. ಅವರು “ಲವಕರ ಯೇ ಗಂ, ಬೇಗ ಬಾ” ಎಂದು ಎರಡೂ ಭಾಷೆಯಲ್ಲಿ ಹೇಳಿದರು. ಹೊಲದ ದಾರಿಗೆ ರಿಕ್ಷಾ ಬರುವುದಿಲ್ಲ. ನಾನು ಉಟ್ಟ ಸೀರೆಯಲ್ಲೇ ಸೈಕಲ್ ಹತ್ತಿದೆ.

ಯಾವ ದಾರಿಯಲ್ಲಿ ದಿನವೂ ಹಗುರಾಗಿ ಹೋಗುತ್ತಿದ್ದೆನೋ ಅದೇ ದಾರಿ. ರಸ್ತೆಯ ಆ ಬದಿ ದ್ರಾಕ್ಷಿ ತೋಟಗಳು. ಚಾಟಣಿ ಮಾಡಿ ಕಡ್ಡಿ ಕತ್ತರಿಸಿದ ಬಳ್ಳಿಗಳಲ್ಲಿ ಹೊಸ ಎಳೆ ಚಿಗುರು, ಔಷಧ ಹೊಡೆದ ಘಾಟು. ಈ ಬದಿ ಹಿಂಗಾರಿ ಜೋಳ ಮೊಣಕಾಲೆತ್ತರ, ಅದರಾಚೆ ಕಬ್ಬು ಕಡಿಯುವವರ ಗುಡಿಸಲು. ಗಾಳಿ ಎದುರಿಗಿತ್ತು. ಪೆಡಲ್ ತುಳಿಯುವಾಗಲೆಲ್ಲ ನನ್ನ ಕಣ್ಣು ಮಾತ್ರ ನೆಲದ ಮೇಲೆ. ರಸ್ತೆಯಲ್ಲಿ ಎಷ್ಟೊಂದು ಬಿಳಿ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚಹಾದ ಕಾಗದದ ಕಪ್ಪು, ಸುಣ್ಣದ ಪುಡಿ, ಕೊಕ್ಕರೆಯ ಗರಿ, ಹತ್ತಿಯ ತುಣುಕು. ಪ್ರತಿಯೊಂದಕ್ಕೂ ಬ್ರೇಕು ಹಾಕುತ್ತಿದ್ದೆ. ಇಳಿಯುವುದು, ಬಗ್ಗುವುದು, ಅಲ್ಲ ಎಂದು ಮತ್ತೆ ಹತ್ತುವುದು. ಆಮೇಲೆ ಹೊತ್ತಾಗುತ್ತಿದೆ ಎಂಬ ದಿಗಿಲು ಬಂದು ನಿಲ್ಲುವುದನ್ನೇ ಬಿಟ್ಟೆ. ಬಿಟ್ಟ ಕೂಡಲೆ, ಹಿಂದೆ ಬಿಟ್ಟುಬಂದ ಬಿಳಿಯೇ ಅದಾಗಿದ್ದರೆ ಎಂದು ತಿರುತಿರುಗಿ ನೋಡಿದೆ.

ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಎರಡು ಟ್ರಾಲಿ ಎಳೆದುಕೊಂಡು, ಹಾಡು ಹಚ್ಚಿಕೊಂಡು ಬಂತು. ರಸ್ತೆಯೆಲ್ಲ ಅದರದೇ. ನಾನು ಬದಿಗಿಳಿದೆ. ಮುಂದಿನ ಗಾಲಿ ತಗ್ಗಿಗೆ ಬಿದ್ದು ಚೈನು ಕಳಚಿತು, ಸೀರೆಯ ಅಂಚು ಅದರಲ್ಲಿ ಸಿಕ್ಕಿತು. ಹರಿದು ಬಿಡಿಸಿಕೊಂಡೆ. ಚೈನು ಹಲ್ಲಿಗೆ ಕೂರಿಸುವಾಗ ಬೆರಳುಗಳೆಲ್ಲ ಗ್ರೀಸಿನಿಂದ ಕಪ್ಪಾದವು. ಅಳು ಬರಲಿಲ್ಲ. ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ್ದ ಪ್ರಾರ್ಥನೆಯ ಸಾಲು ಬಾಯಿಗೆ ಬಂತು, ಅರ್ಧಕ್ಕೆ ನಿಂತಿತು. ಅದನ್ನು ಬಿಟ್ಟು ಶಿವಾ ಶಿವಾ ಎಂದೆ. ಅದೂ ನನ್ನ ಬಾಯಿಗೆ ಎರವಲು ತಂದಂತೆ ಕೇಳಿಸಿತು. ಯಾರನ್ನು ಕರೆಯಬೇಕೆಂದೇ ಗೊತ್ತಿಲ್ಲದವಳು ದೇವರನ್ನು ಹುಡುಕಲು ಹೊರಟಿದ್ದೆ.

ಸೋಯಾಬೀನ್ ಹೊಲ ಸಿಕ್ಕಿತು. ಕುರಿ ಇರಲಿಲ್ಲ. ನೆಲದ ತುಂಬ ಹಿಕ್ಕೆ, ಮೂರು ಕಲ್ಲಿನ ಒಲೆ, ಇನ್ನೂ ಬೆಚ್ಚಗಿದ್ದ ಬೂದಿ. ಪಕ್ಕದ ದ್ರಾಕ್ಷಿ ತೋಟದಲ್ಲಿ ಚಿಗುರು ಕಟ್ಟುತ್ತಿದ್ದ ಹೆಂಗಸರನ್ನು ಮರಾಠಿಯಲ್ಲಿ ಕೇಳಿದೆ. ಹೊಲದ ಯಜಮಾನ ರಂಟೆ ಹೊಡೆಯಬೇಕೆಂದು ಊಟದ ಹೊತ್ತಿಗೇ ಎಬ್ಬಿಸಿದನಂತೆ. ಕಾಲುವೆಯ ಆಚೆ ಹೋಗಿದ್ದಾರೆ ಎಂದು ಕತ್ತರಿ ಹಿಡಿದ ಕೈಯನ್ನೇ ಚಾಚಿ ತೋರಿಸಿದರು. ಒಬ್ಬಳು ನನ್ನ ಹರಿದ ಅಂಚು, ಕಪ್ಪು ಕೈ ನೋಡಿ, ಕುರಿ ಕಳೆದಿದೆಯೇ ಎಂದು ಕೇಳಿದಳು. ಹೌದೆಂದೆ. ಬೇರೆ ಏನು ಹೇಳಲಿ?

ಕಾಲುವೆಯ ಏರಿಯ ಮೇಲೆ ಸೈಕಲ್ ತಳ್ಳಿಕೊಂಡೇ ಹೋಗಬೇಕಾಯಿತು. ಆಗ ಮಾವಶಿಯ ಫೋನು ಬಂತು. ಅತ್ತೆ ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ, ಮಶಿನಿನ ಅಂಕಿ ತುಂಬ ಇಳಿದಿದೆ. “ಮಾತಾಡ್ತಾರಾ?” ಎಂದೆ. ಮಾತಾಡುತ್ತಾರೆ, ಆದರೆ ಮಾವಶಿಯನ್ನೇ ತಮ್ಮ ಅಕ್ಕ ಅಂತ ತಿಳಿದಿದ್ದಾರಂತೆ. ಮನೆಯವರು ದಾರಿಯಲ್ಲಿದ್ದರು, ಸಾಂಗ್ಲಿ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಬಿದ್ದಿದ್ದರು.

ಹಿಂಡು ಕಂಡಾಗ ನಾನು ಸೈಕಲ್ಲನ್ನು ಅಲ್ಲೇ ಕೆಡವಿ ಓಡಿದೆ. ಕುರಿಗಾರರ ಹೆಂಗಸು ಬಲೆಯ ಬೇಲಿಯೊಳಗೆ ಮರಿಗಳಿಗೆ ಮೇವು ಹಾಕುತ್ತಿದ್ದಳು. ನಮ್ಮದೇ ಬಳ್ಳಿ. ಎಲೆಗಳೆಲ್ಲ ಹೋಗಿ ದಂಟಿನ ಒಂದು ಸಣ್ಣ ಗುಡ್ಡೆ ಉಳಿದಿತ್ತು. ನಾನು ಏದುಸಿರಿನಲ್ಲಿ ಹೇಳಿದ್ದು ಅವಳಿಗೆ ಅರ್ಧ ಹೇಳುವಷ್ಟರಲ್ಲೇ ತಿಳಿಯಿತು.

“ಅಯ್ಯ ಶಿವನ! ಲಿಂಗಾ?”

ಕಂಬಳಿ ಜಾಡಿಸಿದಳು. ದಂಟುಗಳನ್ನು ಒಂದೊಂದಾಗಿ ಎತ್ತಿ ಇಬ್ಬರೂ ನೋಡಿದೆವು. ಮರಿಗಳ ಕಾಲ ಸಂದಿಯಲ್ಲಿ, ಹಿಕ್ಕೆಯಲ್ಲಿ ಕೈಯಾಡಿಸಿದೆವು. ಅವಳು ಕತ್ತೆಯ ಮೇಲೆ ಹೇರಿದ್ದ ಗಂಟುಗಳನ್ನೂ ಇಳಿಸಿ ಬಿಚ್ಚಿದಳು. ಬಟ್ಟೆ ಕಂಡ ಕಡೆಯೆಲ್ಲ ಹಲ್ಲು ಹಾಕುವ ಒಂದು ಕಪ್ಪು ಮರಿಯ ಬಾಯಿ ಅಗಲಿಸಿ ಬೆರಳು ಹಾಕಿ ನೋಡಿದಳು.

“ಇದs ನುಂಗಿದ್ರ ಮುಗೀತ ನೋಡ್ರಿ. ಇನ್ನ ಇದನ್ನ ಕೊಯ್ಯಾಂಗಿಲ್ಲ, ಮಾರಾಂಗಿಲ್ಲ. ದಿನಾ ಕಾಲ ಬೀಳೂದ.” ನಗಬೇಕೆಂದು ಹೇಳಿರಲಿಲ್ಲ. ನಾನು ನಕ್ಕೆ, ನಗುತ್ತಲೇ ಕುಸಿದು ಕುಳಿತೆ.

ಸಿಗಲಿಲ್ಲ. ಬೆಳಿಗ್ಗೆಯ ಹೊಲದಿಂದ ಇಲ್ಲಿಗೆ ಬರುವ ದಾರಿಯಲ್ಲಿ ಎಲ್ಲಾದರೂ ಬಿದ್ದಿರಬಹುದು, ಕಾಲುವೆಯಲ್ಲೂ ಬಿದ್ದಿರಬಹುದು. ನಾನು ಏಳಲು ಹೋದಾಗ ಅವಳು ಭುಜ ಒತ್ತಿ ಕೂರಿಸಿದಳು. ಬುಟ್ಟಿಯಲ್ಲಿದ್ದ ಅವರ ದೇವರ ಮುಂದೆ ಒಂದು ಲೋಟ ಮಜ್ಜಿಗೆ ಹಿಡಿದು, ತಂದು ನನ್ನ ಕೈಗಿಟ್ಟಳು.

“ಬ್ಯಾಡಬೇ, ಮನ್ಯಾಗ ಅತ್ತಿ ನೀರ ಸೈತ ಮುಟ್ಟಿಲ್ಲ, ನಾ ಹೆಂಗ ಕುಡೀಲಿ?”

“ದೇವರಿಗೆ ಹಿಡದೇನಿ. ಪ್ರಸಾದಕ್ಕ ಬ್ಯಾಡ ಅನಬಾರ್ದು. ನೀವ ಬಿದ್ರ ಅವರ್ನ ನೋಡಾವ್ರ್ಯಾರು?”

ಕುಡಿದೆ. ಅದರಲ್ಲಿ ದೇವರಿಗೆ ಏರಿಸಿದ ಅರಿಷಿಣದ ಪುಡಿಯ ರುಚಿ ಇತ್ತು.

ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು. ತಲೆಯಲ್ಲಿ ಅವಳ ಒಂದೇ ಮಾತು. ಬ್ಯಾಡ ಅನಬಾರ್ದು. ಪ್ರಸಾದವನ್ನು ಅತ್ತೆ ಎಂದೂ ಬೇಡ ಎಂದವರಲ್ಲ. ಯಾರ ಮನೆಯದಾದರೂ, ಎಷ್ಟು ಹಳಸಿದ್ದರೂ, ಸಕ್ಕರೆಯ ಅಂಕಿ ಎಷ್ಟೇ ಮೇಲಿದ್ದರೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುತ್ತಿದ್ದರು. ಅದಕ್ಕಾಗಿ ನಾನು ಜಗಳ ಕೂಡ ಆಡಿದ್ದೆ. ನನಗೂ ಚಿಕ್ಕಂದಿನಲ್ಲಿ ಲಿಂಗ ಕಟ್ಟಿದ್ದರು. ಕಾನ್ವೆಂಟಿನಲ್ಲಿ ಆಟದ ಪೀರಿಯಡ್ಡಿಗೆ ಬಿಚ್ಚಿಡುತ್ತಿದ್ದದ್ದು ಬರಬರುತ್ತ ಬಿಚ್ಚಿಟ್ಟಲ್ಲೇ ಉಳಿಯಿತು. ಈಗ ದೇವರ ಜಗುಲಿಯ ಮೂಲೆಯಲ್ಲಿ ಒಂದು ಡಬ್ಬಿಯಲ್ಲಿದೆ. ಅತ್ತೆ ಈ ಬಗ್ಗೆ ಒಂದು ಮಾತೂ ಆಡಿದವರಲ್ಲ. ತಮ್ಮದರ ಜೊತೆ ಅದರ ಡಬ್ಬಿಯನ್ನೂ ಒರೆಸಿ ಇಡುತ್ತಿದ್ದರು, ಅಷ್ಟೆ.

ಮನೆ ಮುಟ್ಟಿದಾಗ ಮನೆಯವರು ಆಗಷ್ಟೇ ಬಂದು ತಾಯಿಯ ಮುಂದೆ ಮಂಡಿಯೂರಿದ್ದರು. ಕೈಯಲ್ಲಿ ಗ್ಲುಕೋಸ್ ಲೋಟ, ಅಂಗಿಯ ಮೇಲೆಲ್ಲ ಚೆಲ್ಲಿದ ಕಲೆ. “ಅವ್ವಾ, ನನ್ನ ಆಣಿ ಐತಿ, ಒಂದ ಗುಟುಕು.” ಅತ್ತೆಯ ಕುಪ್ಪಸ ಬೆವರಿನಿಂದ ಮೈಗೆ ಅಂಟಿತ್ತು. ಹಲ್ಲು ಕಚ್ಚಿಕೊಂಡಿದ್ದರು. ನನ್ನನ್ನು ಕಂಡು ಕಣ್ಣು ಅರಳಿದವು. “ಸಿಕ್ತs?” ಎಂದರು. ನಾನು ಖಾಲಿ ಕೈ ತೋರಿಸಿದೆ. ಆ ಮುಖ ಮುಚ್ಚಿಕೊಂಡ ರೀತಿಯನ್ನು ನನಗೆ ಬರೆಯಲು ಬರುವುದಿಲ್ಲ.

ಬಚ್ಚಲಿಗೆ ಓಡಿ ಕೈ ತೊಳೆದೆ. ಗ್ರೀಸು ಹೋಗಲಿಲ್ಲ. ಡಬ್ಬಿ ತೆಗೆದು ಅತ್ತೆಯ ಎದುರೇ ನೆಲದ ಮೇಲೆ ಕುಳಿತೆ. ಬಟ್ಟೆ ಬಿಚ್ಚಿ, ನನ್ನ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡೆ. ಎಷ್ಟು ಹಗುರ ಅದು, ನಾನು ಮರೆತೇಬಿಟ್ಟಿದ್ದೆ. ವಿಭೂತಿ ಹಚ್ಚುವಾಗ ಯಾವ ಬೆರಳು ಎಂದು ತಿಳಿಯದೆ ಕೈ ತಡವರಿಸಿತು. ಅತ್ತೆ ಅರೆಗಣ್ಣಿನಲ್ಲಿ ನೋಡುತ್ತಿದ್ದರು.

“ನಡುವಿನ್ವು... ಮೂರು ಬಳ್ಳು” ಎಂದರು, ತೊದಲುತ್ತ.

ಬೆಲ್ಲದ ನೀರನ್ನು ಲಿಂಗಕ್ಕೆ ತೋರಿಸಿದೆ. ಬಟ್ಟಲನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ. “ಪ್ರಸಾದ ಐತ್ರಿ ಅತ್ತ್ಯಾರ. ಬ್ಯಾಡ ಅಂದ್ರ ನನಗಲ್ಲ, ಇದಕ್ಕ ಅಂದಂಗ.”

ಮಾವಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

“ಮೈ ತೊಳಕೊಂಡೀಯೇನು?”

“ಇಲ್ರಿ.”

“ಈ ಮನಿಗೆ ಬಂದ ಮ್ಯಾಲ ಯಾವಾಗರೆ ಕಟಗೊಂಡಾಕೇನ ನೀ ಅದನ್ನ?”

“ಇಲ್ರಿ. ಇವತ್ತಿನಿಂದ ಕಟಗೋತೀನಿ.”

“ಸುಳ್ಳ ಹೇಳಬ್ಯಾಡ.”

“ಸುಳ್ಳಲ್ರಿ.”

ಅವರು ನನ್ನ ಕಪ್ಪು ಬೆರಳುಗಳನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು. ಮೊದಲ ಗುಟುಕು ತುಟಿಯ ಬದಿಯಿಂದ ಹೊರಗೇ ಬಂತು. ಎರಡನೆಯದು ಒಳಗೆ ಹೋಯಿತು. ಮನೆಯವರು ಗೋಡೆಯ ಕಡೆ ತಿರುಗಿ ನಿಂತರು.

ಅಂದು ಅವರು ಉಳಿದರು. ಆದರೆ ಅದು ಅಂದಿಗೆ ಮುಗಿಯಲಿಲ್ಲ. ಮರುದಿನ, ಅದರ ಮರುದಿನ ಹೊಲದ ದಾರಿಯೆಲ್ಲ ಮತ್ತೆ ಹುಡುಕಿದೆ. ಮಠದಿಂದ ಸ್ವಾಮಿಗಳೇ ಮನೆಗೆ ಬಂದು, ಹೀಗಾದರೆ ಬೇರೆ ಲಿಂಗ ಕಟ್ಟಿಕೊಳ್ಳಲು ಅಡ್ಡಿಯಿಲ್ಲ ತಾಯಿ ಎಂದು ತಿಳಿಸಿ ಹೇಳಿದರು. “ಆಗ್ಲಿರಿ” ಎಂದು ಅತ್ತೆ ಪಾದ ಮುಟ್ಟಿದರು. ಸ್ವಾಮಿಗಳು ಹೋದ ಮೇಲೆ ನನಗೆ ಹೇಳಿದರು: “ಈ ವಯಸ್ಸಿನಾಗ ಇನ್ನೊಬ್ಬನ ಕೂಡ ಸಂಸಾರ ಹೂಡ್ಲೇನು? ನನ್ನಿಂದಾಗಂಗಿಲ್ಲ. ನೀ ಕೊಡ್ತೀಯಲ್ಲ, ಅಷ್ಟ ಸಾಕು.”

ಅಂದರೆ, ನಾನು ಪೂಜೆ ಮಾಡಿ ಕೊಟ್ಟದ್ದನ್ನು ಮಾತ್ರ ಅವರು ಉಣ್ಣುತ್ತಾರೆ. ಮಗ ಕೊಟ್ಟರೆ ಇಲ್ಲ, ಮಾವಶಿ ಕೊಟ್ಟರೆ ಇಲ್ಲ. ಎರಡು ಹೊತ್ತಿನ ಸೂಜಿಯ ನಂತರ ಎರಡು ಹೊತ್ತಿನ ತಾಟು, ನಡುವೆ ನನ್ನ ಅಂಗೈ. ದೇವರು ಅದರಲ್ಲಿದ್ದಾನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಬೆಳಿಗ್ಗೆ ಎದ್ದು ಸ್ನಾನ ಮಾಡುತ್ತೇನೆ, ಕೈಯ ಮೇಲಿಡುತ್ತೇನೆ, ತೋರಿಸುತ್ತೇನೆ. ತವರಿಗೆ ಹೋಗಿ ಉಳಿಯುವುದು ನಿಂತಿದೆ. ಸೈಕಲ್ ಮೇಲೆ ದೂರ ಹೋದಾಗ, ಬುಧಗಾಂವದ ಕಡೆಗೋ ಮತ್ತೆಲ್ಲಿಗೋ, ಎದುರಿಗೆ ಒಂದು ಲಾರಿ ಬಂದರೂ ಸಾಕು, ನನಗಿಂತ ಮೊದಲು ಅವರ ಮುಚ್ಚಿದ ಬಾಯಿ ಕಣ್ಣಿಗೆ ಬರುತ್ತದೆ.

ಮೊನ್ನೆ ನನಗೆ ಜ್ವರ. ಹಾಸಿಗೆಯಿಂದ ತಲೆ ಎತ್ತಲಾಗಲಿಲ್ಲ. ಮನೆಯವರೇ ತಾಯಿಗೆ ಸೂಜಿ ಚುಚ್ಚಿ, ಅನ್ನ ಬೇಯಿಸಿ ಬಡಿಸಿದರು. ಸ್ವಲ್ಪ ಹೊತ್ತಿಗೆ ಅತ್ತೆ ತಾಟನ್ನು ಸೆರಗಿನಿಂದ ಮುಚ್ಚಿಕೊಂಡು ನನ್ನ ಕೋಣೆಗೆ ಬಂದರು. ಮಂಚದ ಕಾಲಬುಡದಲ್ಲಿ ನೆಲದ ಮೇಲೆ ಕುಳಿತರು.

“ಏಳಬ್ಯಾಡ. ಅವಸರ ಇಲ್ಲ” ಎಂದರು. “ನಿನಗ ಆದಾಗ.”

ಅವರ ಹಣೆಯ ಮೇಲೆ ಆಗಲೇ ಬೆವರು ಕಾಣಿಸಿಕೊಂಡಿತ್ತು. ನಾನು ಗೋಡೆ ಹಿಡಿದುಕೊಂಡು ಎದ್ದೆ.